ವಾರಕ್ಕೊಮ್ಮೆ ನಳ ಬರುವ ಮನೆಗೆ ಯಾವ ಫಿಶ್ ಟ್ಯಾಂಕ್?

ನನ್ನ ಮೊದಲ ಟ್ಯಾಂಕಿನ ಮೀನುಗಳು ಸತ್ತಿದ್ದು ನಳ ಬಂದ ದಿನ. ಹುಬ್ಬಳ್ಳಿಯಲ್ಲಿ ನಮ್ಮ ಓಣಿಗೆ ಆಗ ಆರೇಳು ದಿನಕ್ಕೊಮ್ಮೆ ನೀರು. ಬಂದ ದಿನ ಟಾಕಿ ತುಂಬು, ಕೊಡ ತುಂಬು, ಅಂಗಳ ತೊಳೆ, ಹೇಗೂ ನೀರು ಹರೀತಾ ಇದೆಯಲ್ಲ ಅಂತ ಫಿಶ್ ಟ್ಯಾಂಕನ್ನೂ ಪೂರ್ತಿ ಖಾಲಿ ಮಾಡಿ, ಕಲ್ಲು, ಫಿಲ್ಟರ್ ಎಲ್ಲ ಬ್ರಶ್ ಹಾಕಿ ತಿಕ್ಕಿ, ನಳದ ಪೈಪನ್ನೇ ಸೀದಾ ಒಳಗೆ ಬಿಟ್ಟೆ. ಗಾಜು ಫಳಫಳ ಹೊಳೀತಿತ್ತು. ಸಂಜೆಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಹಸಿವೆ ಇರಬೇಕು ಅಂತ ಒಂದು ಚಿಟಿಕೆ ಕಾಳು ಬೇರೆ ಹಾಕಿದೆ. ಬೆಳಗ್ಗೆ ಅವ್ವ ಕರೆದು, "ಯಪ್ಪಾ, ಮೀನ್ಯಾಕ ಹೊಟ್ಟಿ ಮ್ಯಾಲ ಮಾಡ್ಕೊಂಡಾವೋ?" ಅಂದಳು. ಆರಕ್ಕೆ ಆರೂ ಹೋಗಿದ್ದವು.

ಕೊಂದದ್ದು ಎರಡು. ಒಂದು, ಹೊಸ ನಳದ ನೀರಲ್ಲಿದ್ದ ಕ್ಲೋರಿನ್. ಅದು ಮೀನಿನ ಕಿವಿರನ್ನು ಸುಡುತ್ತೆ. ಇನ್ನೊಂದು, ಫಿಲ್ಟರಿನಲ್ಲಿ, ಕಲ್ಲಿನ ಮೇಲೆ ಅಂಟಿಕೊಂಡು ಮೀನಿನ ಹೊಲಸನ್ನು ತಿಂದು ಬದುಕುವ ಬ್ಯಾಕ್ಟೀರಿಯಾವನ್ನು ನಾನೇ ತಿಕ್ಕಿ ತೊಳೆದು ಮೋರಿಗೆ ಬಿಟ್ಟಿದ್ದು.

ಆಮೇಲೆ ಧಾರವಾಡಕ್ಕೆ ಮನೆ ಬದಲಿಸಿದೆ, ಅಲ್ಲಿ ಬೋರ್ ನೀರು, ಅಲ್ಲಿ ಬೇರೆ ತರಹದ ತಪ್ಪುಗಳು. ಈಗ ಯಾರಾದರೂ "ಮನೇಲಿ ಟ್ಯಾಂಕ್ ಇಡಬೇಕು, ಯಾವ ಮೀನು ತರಲಿ?" ಅಂತ ಕೇಳಿದರೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಮನೆಗೆ ಬರೋದು ನಳದ ನೀರೋ ಬೋರೋ? ಎಷ್ಟು ದಿನಕ್ಕೊಮ್ಮೆ? ಕರೆಂಟ್ ಹೋದರೆ ಇನ್ವರ್ಟರ್ ಇದೆಯಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಆಯ್ಕೆ ತಾನೇ ಆಗಿಬಿಡುತ್ತೆ. ಮೀನು ಕೊನೆಗೆ.

ನಳದ ನೀರು, ಬೋರ್ ನೀರು, ಆರ್‌ಒ ನೀರು

ಹುಬ್ಬಳ್ಳಿ-ಧಾರವಾಡದ ನಳದಲ್ಲಿ ಬರೋದು ಹೆಚ್ಚಾಗಿ ಮಲಪ್ರಭೆ, ಸವದತ್ತಿ ಕಡೆಯ ರೇಣುಕಾ ಸಾಗರದ ನೀರು. ಗದಗ-ಬೆಟಗೇರಿ, ಹಾವೇರಿ ಕಡೆ ತುಂಗಭದ್ರೆ. ಹೊಳೆ ನೀರು ಸಾಮಾನ್ಯವಾಗಿ ಬೋರಿನಷ್ಟು ಗಡಸು ಇರೋದಿಲ್ಲ, ಹಾಗಾಗಿ ಮೀನಿನ ಆಯ್ಕೆ ಜಾಸ್ತಿ. ಅದರ ತೊಂದರೆ ಕ್ಲೋರಿನ್ ಒಂದೇ. ಬಾಯಿ ಅಗಲವಾದ ಬಕೆಟ್‌ನಲ್ಲಿ ತುಂಬಿ 24 ತಾಸು ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತೆ, ಬಿಸಿಲಿಗಿಟ್ಟರೆ ಇನ್ನೂ ಬೇಗ. ಅಷ್ಟು ಪುರುಸೊತ್ತು ಇಲ್ಲ ಅಂದರೆ ಅಂಗಡಿಯಲ್ಲಿ ಆ್ಯಂಟಿ-ಕ್ಲೋರಿನ್ ಹನಿ ಸಿಗುತ್ತೆ, ಅದರಲ್ಲಿರೋದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್, ಕೆಲವು ನಿಮಿಷದಲ್ಲಿ ಕೆಲಸ ಮುಗಿಯುತ್ತೆ. ಮುಚ್ಚಿದ ಸಿಂಟೆಕ್ಸ್‌ನಲ್ಲಿ ಎರಡು ದಿನ ಇದ್ದ ನೀರು ಸುರಕ್ಷಿತ ಅಂತ ನಂಬಬೇಡಿ. ಮುಚ್ಚಳ ಹಾಕಿದ್ದರೆ ಕ್ಲೋರಿನ್ ಎಲ್ಲಿ ಹೋಗಬೇಕು? ಹನಿ ಹಾಕಿಯೇ ಬಿಡಿ.

ಬೋರ್ ನೀರಲ್ಲಿ ಕ್ಲೋರಿನ್ ಇಲ್ಲ, ಸೀದಾ ಹಾಕಬಹುದು ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಆಳದಿಂದ ಆಗತಾನೆ ಎತ್ತಿದ ನೀರಲ್ಲಿ ಆಮ್ಲಜನಕ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರಬಹುದು. ಅದನ್ನೂ ಬಕೆಟ್‌ಗೆ ಹಿಡಿದು ಒಂದು ರಾತ್ರಿ ಇಡಿ, ಗಾಳಿಯ ಗುಳ್ಳೆ ಎಬ್ಬಿಸುವ ಏರ್ ಸ್ಟೋನ್ ಬಿಟ್ಟರೆ ಇನ್ನೂ ಒಳ್ಳೆಯದು. ಎರಡನೆಯದು ಗಡಸುತನ. ನಿಮ್ಮ ಸ್ನಾನದ ಬಕೆಟ್‌ನ ಒಳಗೆ, ಗೀಸರ್‌ನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತೆ ಅಲ್ವಾ, ಅದೇ ಟ್ಯಾಂಕಿನ ಗಾಜಿನ ಮೇಲೂ ನೀರಿನ ಮಟ್ಟದ ಗೆರೆಯಾಗಿ ಕೂರುತ್ತೆ. ಬಟ್ಟೆಗೆ ವಿನೆಗರ್ ಹಚ್ಚಿ ಒರೆಸಿದರೆ ಹೋಗುತ್ತೆ, ನೀರಿಗೆ ಬೀಳದ ಹಾಗೆ ನೋಡಿಕೊಳ್ಳಿ. ಗಡಸು ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸಾಮಾನ್ಯವಾಗಿ ಮೇಲಿರುತ್ತೆ, ಮತ್ತು ಅಸಲಿ ವಿಷಯ ಇರೋದು ಇಲ್ಲಿ: ಪಿಎಚ್ ಏರಿದಷ್ಟೂ, ನೀರು ಬಿಸಿಯಾದಷ್ಟೂ ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಹೆಚ್ಚು ವಿಷವಾಗುತ್ತೆ. ಅಂದರೆ ಬೋರ್ ನೀರಿನ ಮನೆಯವರು, ಅದೂ ಏಪ್ರಿಲ್-ಮೇನಲ್ಲಿ, ಕಾಳು ಹಾಕುವಾಗ ಕೈ ಇನ್ನೂ ಬಿಗಿ ಹಿಡಿಯಬೇಕು.

ಆರ್‌ಒ ನೀರೊಂದನ್ನೇ ಹಾಕುವವರನ್ನು ನೋಡಿದ್ದೇನೆ. ನಮಗೆ ಶುದ್ಧ ನೀರು, ಮೀನಿಗೆ ಯಾಕೆ ಬೇಡ ಅನ್ನೋ ಲೆಕ್ಕ. ಅದರಲ್ಲಿ ಲವಣಾಂಶ ಹೆಚ್ಚುಕಡಿಮೆ ಉಳಿದಿರೋದಿಲ್ಲ, ಪಿಎಚ್ ನಿಲ್ಲೋದಿಲ್ಲ, ಒಂದು ದಿನ ಸುಮ್ನೆ ಕುಸಿದು ಬೀಳುತ್ತೆ. ಆದರೆ ಬೋರ್ ನೀರಿನ ಮನೆಯಲ್ಲಿ ಆರ್‌ಒಗೆ ಒಂದು ಒಳ್ಳೆಯ ಕೆಲಸ ಇದೆ. ಬೇಸಿಗೆಯಲ್ಲಿ ಟ್ಯಾಂಕಿನ ನೀರು ಆವಿಯಾಗಿ ಎರಡು ಬೆರಳು ಇಳಿಯುತ್ತೆ, ಲವಣ ಮಾತ್ರ ಒಳಗೇ ಉಳಿಯುತ್ತೆ. ಅದಕ್ಕೆ ಮತ್ತೆ ಬೋರ್ ನೀರನ್ನೇ ತುಂಬಿಸುತ್ತಾ ಹೋದರೆ ಗಡಸುತನ ಏರುತ್ತಲೇ ಹೋಗುತ್ತೆ. ಇಳಿದಷ್ಟನ್ನು ಆರ್‌ಒದಿಂದ ತುಂಬಿಸಿ, ವಾರದ ಬದಲಾವಣೆ ಬೋರಿನಿಂದ ಮಾಡಿ. ಆರ್‌ಒದಿಂದ ಹೊರಗೆ ಹೋಗುವ ವೇಸ್ಟ್ ನೀರನ್ನು ಮಾತ್ರ ಟ್ಯಾಂಕಿಗೆ ಹಾಕಬೇಡಿ, ಅದು ಬೋರ್ ನೀರಿಗಿಂತಲೂ ಗಡಸು.

ಬೌಲ್, ಒಂದು ಅಡಿ, ಎರಡು ಅಡಿ, ಮೂರು ಅಡಿ

ಗಾಜಿನ ಬೌಲ್ ಬೇಡ. ಮುಂದೆ ಹೋಗೋಣ.

ಒಂದಡಿಯ ಟ್ಯಾಂಕ್ ಸಣ್ಣದು, ನೋಡಿಕೊಳ್ಳೋದು ಸುಲಭ ಅನ್ನಿಸುತ್ತೆ. ಉಲ್ಟಾ. ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತೆ, ಬೇಗ ಬಿಸಿಯಾಗುತ್ತೆ. ಒಂದು ಫೈಟರ್ (ಬೆಟ್ಟಾ) ಮೀನು ಇಡೋದಾದರೆ ಸರಿ, ಅದಕ್ಕಿಂತ ಹೆಚ್ಚಿನದಕ್ಕೆ ಸಾಲದು.

ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಅಂದರೆ 56 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಐವತ್ತರ ಒಳಗೆ. ವಾರಕ್ಕೆ ಕಾಲು ಭಾಗ ಬದಲಿಸಿದರೆ 12 ಲೀಟರ್, ಒಂದು ಬಕೆಟ್‌ಗಿಂತ ಕಡಿಮೆ. ನಳ ಎಂಟು ದಿನ ಬರದಿದ್ದರೂ ಒಂದು ಬಕೆಟ್ ನೀರು ಎತ್ತಿಡೋದು ಯಾರ ಮನೆಯಲ್ಲೂ ಜಗಳಕ್ಕೆ ಕಾರಣವಾಗೋದಿಲ್ಲ. ಈಗ ಮೂರಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ ಲೆಕ್ಕ ಹಾಕಿ. 190 ಲೀಟರ್. ಕಾಲು ಭಾಗ ಅಂದರೆ 47 ಲೀಟರ್, ಮೂರು ಬಕೆಟ್. ಬಚ್ಚಲಿಗೆ ನೀರು ಅಳೆದು ಕೊಡುವ ವಾರದಲ್ಲಿ ಮೀನಿಗೆ ಮೂರು ಬಕೆಟ್ ಕೇಳಿ ನೋಡಿ! ಭಾರವನ್ನೂ ಮರೀಬೇಡಿ. ಲೀಟರಿಗೆ ಒಂದು ಕಿಲೋ, ಗಾಜು ಕಲ್ಲು ಸೇರಿ 200 ಕಿಲೋ ದಾಟುತ್ತೆ, ಟಿವಿ ಸ್ಟ್ಯಾಂಡ್ ಮೇಲೆ ಕೂರಿಸೋ ಮಾತಲ್ಲ.

ಹಾಗಾಗಿ ನಳದ ದಿನ ಎಣಿಸುವ ಮನೆಗೆ ಎರಡಡಿ. 24 ತಾಸು ನೀರು ಬರುವ ವಾರ್ಡಿನವರು, ಸ್ವಂತ ಬೋರ್ ಇರುವವರು, ಎರಡೂವರೆ-ಮೂರಕ್ಕೆ ಹೋಗಿ. ದೊಡ್ಡ ಟ್ಯಾಂಕಿನಲ್ಲಿ ತಪ್ಪು ಮಾಡಿದರೂ ಮೀನು ಸಹಿಸುತ್ತೆ, ಅದು ನಿಜ.

ಅಂಗಡಿಯಲ್ಲಿ ಮುಚ್ಚಳ, ಲೈಟು, ಮೇಲಿನ ಫಿಲ್ಟರ್ ಎಲ್ಲ ಸೇರಿಸಿದ ರೆಡಿ ಟ್ಯಾಂಕ್ ಇಡುತ್ತಾರೆ. ನೋಡೋಕೆ ಚಂದ. ಆದರೆ ಅದರ ಮೋಟಾರು ಕೆಟ್ಟರೆ ಅದೇ ಅಳತೆಯದ್ದು ಹುಡುಕಬೇಕು. ಗಾಜಿನವನ ಹತ್ತಿರ ಅಳತೆ ಕೊಟ್ಟು ಮಾಡಿಸಿದ್ದು ನನಗೆ ಇಷ್ಟ. ಸಿಲಿಕಾನ್ ಒಣಗೋಕೆ ಬಿಟ್ಟು, ಒಂದು ದಿನ ಅಂಗಳದಲ್ಲೇ ನೀರು ತುಂಬಿಸಿಟ್ಟು ಸೋರುತ್ತಾ ನೋಡಿ, ಆಮೇಲೆ ಒಳಗೆ ತನ್ನಿ. ಟ್ಯಾಂಕಿನ ಕೆಳಗೆ ಥರ್ಮೋಕೋಲ್ ಹಾಳೆ ಹಾಕೋದು ಮರೆಯಬೇಡಿ, ಟೇಬಲ್ ಮೇಲಿನ ಒಂದು ಸಣ್ಣ ಹರಳು ಸಾಕು ತಳದ ಗಾಜು ಸೀಳೋಕೆ.

ಫಿಲ್ಟರ್: ಕರೆಂಟ್ ಇಲ್ಲದ ಗಂಟೆಗಳನ್ನು ನೋಡಿ ಆರಿಸಿ

ನಾಲ್ಕು ತರಹ ಸಿಗುತ್ತೆ. ಏರ್ ಪಂಪಿಗೆ ಜೋಡಿಸುವ ಸ್ಪಾಂಜ್ ಫಿಲ್ಟರ್, ನೀರಲ್ಲಿ ಮುಳುಗಿಸಿಡುವ ಪವರ್ ಫಿಲ್ಟರ್, ಗಾಜಿನ ಅಂಚಿಗೆ ತೂಗುಹಾಕುವುದು, ಟ್ಯಾಂಕಿನ ಕೆಳಗೆ ಡಬ್ಬಿಯಾಗಿ ಕೂರುವ ಕ್ಯಾನಿಸ್ಟರ್.

ಕ್ಯಾನಿಸ್ಟರ್ ಎಲ್ಲಕ್ಕಿಂತ ಚೆನ್ನಾಗಿ ಶೋಧಿಸುತ್ತೆ. ಆದರೆ ರಿಪೇರಿ ಅಂತ ಬೆಳಗ್ಗೆಯಿಂದ ಸಂಜೆವರೆಗೆ ಕರೆಂಟ್ ತೆಗೆದ ದಿನ ಆ ಮುಚ್ಚಿದ ಡಬ್ಬಿಯೊಳಗಿನ ಬ್ಯಾಕ್ಟೀರಿಯಾಗೆ ಆಮ್ಲಜನಕ ಮುಗಿದು, ಒಳಗಿನ ಕೊಳೆ ನಾರೋಕೆ ಶುರುವಾಗುತ್ತೆ. ಕರೆಂಟ್ ಬಂದ ಕೂಡಲೇ ಆ ನೀರೆಲ್ಲ ಮೀನಿನ ಮೇಲೆ. ಇನ್ವರ್ಟರ್ ಇಲ್ಲದ ಮನೆಗೆ ಬೇಡ ಅಂತಲೇ ಹೇಳುತ್ತೇನೆ.

ಮುಳುಗಿಸುವ ಪವರ್ ಫಿಲ್ಟರನ್ನೇ ಅಂಗಡಿಯವರು ಮೊದಲು ಕೈಗೆ ಕೊಡೋದು. ಕಸ ಎಳೆಯುತ್ತೆ, ನೀರು ತಿಳಿಯಾಗಿ ಕಾಣುತ್ತೆ. ಗೋಲ್ಡ್ ಫಿಶ್‌ಗೆ ಇದು ಬೇಕೇ ಬೇಕು. ಫೈಟರ್‌ಗೆ, ಗಪ್ಪಿ ಮರಿಗಳಿಗೆ ಅದರ ಸೆಳೆತ ತಡೆಯೋಕಾಗೋದಿಲ್ಲ, ಮರಿಗಳು ಸೀದಾ ಒಳಗೇ ಹೋಗುತ್ತವೆ. ತೂಗುಹಾಕುವುದು ಎರಡರ ನಡುವಿನದು, ಸದ್ದು ಕಡಿಮೆ, ತೊಳೆಯೋದು ಸುಲಭ. ಕೆಲವು ಮಾಡೆಲ್‌ಗಳು ಕರೆಂಟ್ ಹೋಗಿ ಬಂದಾಗ ತಾವಾಗಿ ನೀರೆಳೆಯೋದಿಲ್ಲ, ಕೈಯಿಂದ ನೀರು ಸುರಿಯಬೇಕು. ಕೊಳ್ಳುವ ಮೊದಲು ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿ ನೋಡಿ.

ನಾನು ನಿಂತಿರೋದು ಸ್ಪಾಂಜ್ ಮೇಲೆ. ಗುರ್‌ಗುರ್ ಅಂತ ಗುಳ್ಳೆ, ನೋಡೋಕೆ ಪಾತ್ರೆ ತಿಕ್ಕುವ ಸ್ಪಾಂಜಿನ ಅಣ್ಣನ ಹಾಗೆ, ಅಂದ ಏನೂ ಇಲ್ಲ. ಬೆಲೆ ತೀರಾ ಕಡಿಮೆ. ಸಣ್ಣ ಏರ್ ಪಂಪ್ ತಿನ್ನೋದು ಮೂರರಿಂದ ಐದು ವ್ಯಾಟ್ ಅಷ್ಟೇ. ಮನೆಯ ಇನ್ವರ್ಟರ್ ಲೈನಿಗೆ ಹಾಕಿದರೆ ಬ್ಯಾಟರಿಗೆ ಗೊತ್ತೂ ಆಗೋದಿಲ್ಲ. ಇನ್ವರ್ಟರ್ ಇಲ್ಲದಿದ್ದರೆ ಯುಎಸ್‌ಬಿ ಏರ್ ಪಂಪ್ ಸಿಗುತ್ತೆ, ಫೋನ್ ಚಾರ್ಜ್ ಮಾಡುವ ಪವರ್ ಬ್ಯಾಂಕ್‌ನಲ್ಲೇ ತಾಸುಗಟ್ಟಲೆ ಓಡುತ್ತೆ. ಒಂದು ಎಚ್ಚರಿಕೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಿ. ಕೆಳಗಿಟ್ಟ ಪಂಪ್ ನಿಂತ ಕೂಡಲೇ ಟ್ಯಾಂಕಿನ ನೀರು ಅದೇ ಸಣ್ಣ ಪೈಪಿನಲ್ಲಿ ಹಿಂದಕ್ಕೆ ಇಳಿದು ಬರುತ್ತೆ. ನಮ್ಮ ಪಡಸಾಲೆಯಲ್ಲಿ ಮಧ್ಯರಾತ್ರಿ ಚಾಪೆ ತೊಯ್ದಾಗಲೇ ನನಗೆ ಈ ಭೌತಶಾಸ್ತ್ರ ಅರ್ಥವಾಗಿದ್ದು.

ಸ್ಪಾಂಜ್ ತೊಳೆಯುವ ಕ್ರಮ ಹೀಗೆ. ವಾರದ ನೀರು ತೆಗೆಯುವಾಗ, ತೆಗೆದ ಆ ಹಳೇ ನೀರಿನ ಬಕೆಟ್‌ನಲ್ಲೇ ಸ್ಪಾಂಜನ್ನು ಎರಡು ಸಲ ಹಿಂಡಿ. ಮೊದಲನೇ ಹಿಂಡಿಗೆ ಕಾಫಿ ಡಿಕಾಕ್ಷನ್ ತರಹ ಕಂದು ನೀರು ಬರುತ್ತೆ, ಎರಡನೆಯದಕ್ಕೆ ಚಹಾದ ಬಣ್ಣ, ಅಲ್ಲಿಗೆ ನಿಲ್ಲಿಸಿ. ಬಿಳಿಯಾಗುವ ತನಕ ತೊಳೆಯಬೇಡಿ, ನಳದ ಕೆಳಗಂತೂ ಹಿಡಿಯಲೇಬೇಡಿ. ಆ ಕಂದು ನೀರನ್ನು ದಾಸವಾಳಕ್ಕೋ ಕರಿಬೇವಿಗೋ ಸುರಿಯಿರಿ. ನಮ್ಮ ಕರಿಬೇವು ಗೋಡೆ ದಾಟಿದ್ದು ಇದರಿಂದಲೇ ಅಂತ ಅವ್ವನ ವಾದ.

ಯಾವ ಮೀನು

ಗೋಲ್ಡ್ ಫಿಶ್ ಎಲ್ಲರ ಮೊದಲ ಆಸೆ. ನನ್ನ ಪ್ರಕಾರ ಹೊಸಬರ ಮೀನೇ ಅಲ್ಲ. ಅದಕ್ಕೆ ಸರಿಯಾದ ಜಠರವೇ ಇಲ್ಲ, ತಿಂದದ್ದು ಬೇಗ ಹೊರಗೆ ಬರುತ್ತೆ, ಹಾಗಾಗಿ ಹೊಲಸು ಜಾಸ್ತಿ. ಅಂಗಡಿಯಲ್ಲಿ ಎರಡು ಇಂಚು ಇದ್ದದ್ದು ಬೆಳೆದು ಆರು ಇಂಚು ದಾಟುತ್ತೆ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೇಲೆ ಬದುಕುತ್ತೆ. ತಂಪು ನೀರಿನ ಜೀವ, 18ರಿಂದ 24 ಡಿಗ್ರಿ ಅದಕ್ಕೆ ಹಿತ. ಹುಬ್ಬಳ್ಳಿಯ ಮೇ ತಿಂಗಳಲ್ಲಿ ಮನೆಯೊಳಗಿನ ನೀರೇ 30 ದಾಟುತ್ತೆ, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ ಏಳೂವರೆಗೆ ಇಳಿಯುತ್ತೆ. ವಾಸ್ತುವಿಗೆ ಅಂತ ಎಂಟು ಕೆಂಪು, ಒಂದು ಕಪ್ಪು ಗೋಲ್ಡ್ ಫಿಶ್ ಎರಡಡಿಯಲ್ಲಿ ತುಂಬುವವರಿದ್ದಾರೆ. ಒಂಬತ್ತೂ ಬೆಳೆದರೆ ಮೂರಡಿಯೂ ಸಾಲದು.

ಗಪ್ಪಿ, ಮೋಲಿ, ಪ್ಲಾಟಿ: ಬೋರ್ ನೀರಿನ ಮನೆಗೆ ಹೇಳಿ ಮಾಡಿಸಿದ್ದು. ಗಡಸು ನೀರೇ ಇವಕ್ಕೆ ಇಷ್ಟ. ಮರಿ ಹಾಕುವ ಜಾತಿ, ತಿಂಗಳಿಗೊಮ್ಮೆ ಹಾಕುತ್ತವೆ, ಮಕ್ಕಳಿರುವ ಮನೆಯಲ್ಲಿ ಅದೇ ದೊಡ್ಡ ಮಜಾ. ಆದರೆ ಲೆಕ್ಕ ಕೈತಪ್ಪುತ್ತೆ. ಬರೀ ಹೆಣ್ಣು ತಂದರೂ ಬಿಡುಗಡೆ ಇಲ್ಲ, ಒಂದು ಸಲ ಗಂಡಿನ ಜೊತೆ ಇದ್ದ ಹೆಣ್ಣು ಗಪ್ಪಿ ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರುತ್ತೆ. ಮರಿ ಬೇಡ ಅಂದರೆ ಗಂಡು ಗಪ್ಪಿಗಳನ್ನೇ ಆರೇಳು ತನ್ನಿ. ಬಣ್ಣ ಇರೋದೂ ಅವುಗಳಿಗೇ.

ಫೈಟರ್ ಒಂಟಿ ಜೀವ. ಎರಡು ಗಂಡು ಸೇರಿಸಿದರೆ ಹರಿದುಕೊಳ್ಳುತ್ತವೆ. ನೀರಿನ ಮೇಲಿನ ಗಾಳಿಯನ್ನೇ ಸೇದಿ ಉಸಿರಾಡುವ ಅಂಗ ಇದಕ್ಕಿದೆ, ಹಾಗಾಗಿ ಕರೆಂಟ್ ಹೋದ ದಿನ ಎಲ್ಲರಿಗಿಂತ ನಿಶ್ಚಿಂತೆಯಾಗಿರೋದು ಇದೇ. ಹಾಗಂತ ಪ್ಲಾಸ್ಟಿಕ್ ಲೋಟದಲ್ಲಿ ಇಡಬೇಡಿ, ಕನಿಷ್ಠ 15-20 ಲೀಟರ್ ಕೊಡಿ. ಇದು ಬೆಚ್ಚಗಿನ ನೀರು ಕೇಳುತ್ತೆ, 25ರಿಂದ 28.

ನಿಯಾನ್ ಟೆಟ್ರಾ, ಏಂಜಲ್ ನಳದ ನೀರಿನ ಮನೆಗೆ ಆದೀತು, ಗಡಸು ಬೋರಿಗೆ ನಿಯಾನ್ ಬೇಡ. ಟ್ಯಾಂಕ್ ಕುದುರಿ ಮೂರ್ನಾಲ್ಕು ತಿಂಗಳಾದ ಮೇಲೆ ಯೋಚಿಸಿ. ನನ್ನನ್ನು ಕೇಳಿದರೆ ಅದರ ಜಾಗಕ್ಕೆ ಜೀಬ್ರಾ ಡಾನಿಯೋ. ನಮ್ಮ ದೇಶದ್ದೇ ಮೀನು, ಸೆಖೆ-ಚಳಿ ಎರಡಕ್ಕೂ ಜಗ್ಗೋದಿಲ್ಲ, ಗುಂಪಾಗಿ ಓಡಾಡುತ್ತೆ, ಅಗ್ಗ.

ಇನ್ನೊಂದು. ಗಾಜಿನ ಮೇಲೆ ಪಾಚಿ ಬಂತು ಅಂದರೆ ಅಂಗಡಿಯವರು ಹೇಳುವ ಮಾತು ಒಂದೇ: "ಒಂದ್ ಸಕ್ಕರ್ ಹಾಕ್ರಿ ಸರ, ತಾನ ತೊಳಿತೈತಿ." ಕಪ್ಪು ಚುಕ್ಕೆಯ ಆ ಸಕ್ಕರ್ ಕ್ಯಾಟ್ ಫಿಶ್ ಬೆಳೆದು ಒಂದಡಿ ದಾಟುತ್ತೆ. ಅದು ತಿನ್ನುವ ಪಾಚಿಗಿಂತ ಅದು ಮಾಡುವ ಹೊಲಸೇ ಹೆಚ್ಚು. ಆಮೇಲೆ ಸಾಕೋಕಾಗದೆ ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಬಿಟ್ಟು ಬರುವ ಯೋಚನೆ ಬರುತ್ತೆ. ದಯವಿಟ್ಟು ಬೇಡ. ದಕ್ಷಿಣ ಅಮೆರಿಕದ ಈ ಮೀನು ನಮ್ಮ ದೇಶದ ಎಷ್ಟೋ ಕೆರೆ-ಹೊಳೆಗಳಲ್ಲಿ ಈಗಾಗಲೇ ಬೇರೂರಿ, ಬಲೆ ಹರಿದು, ಇಲ್ಲಿನ ಮೀನುಗಳ ಜಾಗ ಹಿಡಿದು ಕೂತಿದೆ. ಅಂಗಡಿಗೇ ವಾಪಸ್ ಕೊಡಿ. ಪಾಚಿಗೆ ಲೈಟನ್ನು ದಿನಕ್ಕೆ ಆರೇಳು ತಾಸಿಗೆ ಇಳಿಸಿ, ಕಿಟಕಿಯ ಬಿಸಿಲು ತಪ್ಪಿಸಿ.

ಪ್ಲಾಸ್ಟಿಕ್ ಗಿಡವೋ ಜೀವಂತ ಗಿಡವೋ ಅನ್ನೋದಕ್ಕೆ ಜಾಸ್ತಿ ಚರ್ಚೆ ಬೇಡ. ಜಾವಾ ಫರ್ನ್, ಅನೂಬಿಯಾಸ್ ಎರಡೂ ಕಲ್ಲಿಗೆ ದಾರ ಕಟ್ಟಿದರೆ ಸಾಕು, ಗಡ್ಡೆಯನ್ನು ಮರಳಲ್ಲಿ ಹೂತರೆ ಕೊಳೆಯುತ್ತೆ. ಅದೂ ತ್ರಾಸು ಅಂದರೆ ಮನಿಪ್ಲಾಂಟ್ ಬಳ್ಳಿಯ ಬೇರು ಮಾತ್ರ ನೀರಲ್ಲಿ, ಎಲೆ ಹೊರಗೆ ಇರೋ ಹಾಗೆ ಅಂಚಿಗೆ ಸಿಗಿಸಿ. ನೀರಲ್ಲಿ ಉಳಿಯುವ ನೈಟ್ರೇಟ್ ಹೀರಿಕೊಳ್ಳುತ್ತೆ, ಪುಕ್ಕಟೆ.

ಹೀಟರ್ ಬೇಕಾ, ಫ್ಯಾನ್ ಬೇಕಾ

ಧಾರವಾಡದ ಡಿಸೆಂಬರ್-ಜನವರಿ ರಾತ್ರಿಗಳು ಹುಬ್ಬಳ್ಳಿಗಿಂತ, ಗದಗಿಗಿಂತ ಒಂದು ಕೈ ಹೆಚ್ಚೇ ಚಳಿ ಅಂತ ನನ್ನ ಅನುಭವ. ಫೈಟರ್, ಟೆಟ್ರಾ ಇದ್ದರೆ ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ಎರಡಡಿಗೆ 50 ವ್ಯಾಟಿನ ಹೀಟರ್. ಹಗಲು-ರಾತ್ರಿ ನೀರು ಏರಿಳಿದರೆ ಮೈಮೇಲೆ ರವೆ ಉದುರಿದ ಹಾಗೆ ಬಿಳಿ ಚುಕ್ಕೆ ರೋಗ ಹತ್ತುತ್ತೆ. ಡಾನಿಯೋ, ಗೋಲ್ಡ್ ಫಿಶ್‌ಗೆ ಹೀಟರ್ ಬೇಡ. ನೀರು ಬದಲಿಸುವಾಗ ಹೀಟರ್ ಪ್ಲಗ್ ಕಿತ್ತಿಡಿ, ಇಲ್ಲದಿದ್ದರೆ ಅದರ ಗಾಜು ಸಿಡಿಯುತ್ತೆ.

ಬೇಸಿಗೆಗೆ ಮುಚ್ಚಳ ತೆಗೆದು ಒಂದು ಸಣ್ಣ ಟೇಬಲ್ ಫ್ಯಾನ್ ನೀರಿನ ಮೇಲೆ ಬೀಸೋ ಹಾಗೆ ಇಟ್ಟರೆ ಎರಡು-ಮೂರು ಡಿಗ್ರಿ ಇಳಿಯುತ್ತೆ. ಮೀನು ಹಾರದ ಹಾಗೆ ಮೇಲೆ ಸೊಳ್ಳೆ ಜಾಳಿಗೆ ಹಾಕಿ.

ಕಾಯೋದು, ಬಾಟಲಿ, ಹಳೇ ಸ್ಪಾಂಜ್

ಟ್ಯಾಂಕ್ ತಂದ ದಿನವೇ ಮೀನು ತರಬೇಡಿ. ಮೀನಿನ ಹೊಲಸು ಅಮೋನಿಯಾ ಆಗುತ್ತೆ, ಒಂದು ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ನೈಟ್ರೇಟ್. ಮೊದಲ ಎರಡೂ ವಿಷ. ಈ ಬ್ಯಾಕ್ಟೀರಿಯಾಗಳು ನೆಲೆ ನಿಲ್ಲೋಕೆ ನಾಲ್ಕರಿಂದ ಆರು ವಾರ ಬೇಕು. ಸುಮ್ನೆ ನೀರು ತಿರುಗಿಸಿದರೆ ಸಾಲದು, ದಿನಾ ಒಂದೆರಡು ಕಾಳು ಮೀನಿನ ಆಹಾರ ಉದುರಿಸಬೇಕು, ಅದು ಕೊಳೆತೇ ಅವಕ್ಕೆ ಊಟ. ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಮಾರುತ್ತಾರೆ, ಕೆಲವು ಕೆಲಸ ಮಾಡುತ್ತವೆ, ಕೆಲವು ಅಂಗಡಿಯ ಬಿಸಿಲಿಗೆ ಕೂತು ಸತ್ತಿರುತ್ತವೆ. ಮೂರರಲ್ಲಿ ಗೆಲ್ಲೋದು ಗೆಳೆಯನ ಮನೆಯ ಹಳೇ ಸ್ಪಾಂಜ್. ಅವನ ಮೀನು ಆರೋಗ್ಯವಾಗಿದ್ದರೆ ಅವನ ಫಿಲ್ಟರಿನ ಒಂದು ಸ್ಪಾಂಜ್ ಇಸ್ಕೊಂಡು, ಅದೇ ಟ್ಯಾಂಕಿನ ನೀರು ತುಂಬಿದ ಚೀಲದಲ್ಲಿ ಒಣಗದಂತೆ ತಂದು ನಿಮ್ಮದರಲ್ಲಿ ಹಾಕಿ. ತಿಂಗಳ ಕಾಯುವಿಕೆ ವಾರಕ್ಕೆ ಬರುತ್ತೆ. ಆಗಲೂ ಮೊದಲು ಎರಡೋ ಮೂರೋ ಮೀನು, ಎಲ್ಲ ಒಟ್ಟಿಗೆ ಬೇಡ.

ಊರಿಗೆ ಹೋಗುವಾಗ

ಹಬ್ಬಕ್ಕೆ ಊರಿಗೆ ಹೋಗುವಾಗ ಮೂರು ದಾರಿ: ನೀರಲ್ಲಿ ಕರಗುವ ಆಹಾರದ ಬಿಲ್ಲೆ, ಪಕ್ಕದ ಮನೆಯವರು, ಇಲ್ಲಾ ಉಪವಾಸ. ಬಿಲ್ಲೆ ಕರಗಿ ನೀರು ಮೊಸರಾಗೋದೇ ಜಾಸ್ತಿ. ಪಕ್ಕದ ಮನೆ ಕಾಕುಗೆ ಒಮ್ಮೆ ಡಬ್ಬಿ ಕೊಟ್ಟು ಹೋಗಿದ್ದೆ. ನಾಲ್ಕು ದಿನ ಬಿಟ್ಟು ಬಂದರೆ ನೀರು ಬಿಳಿ, ಡಬ್ಬಿ ಖಾಲಿ. "ಪಾಪ, ಬಾಯಿ ತಕ್ಕೊಂತ ಬರ್ತಾವ್ರೀ, ಅದಕ್ಕ ಹಾಕಿದೆ" ಅಂದರು. ಅವರ ತಪ್ಪೇನಿದೆ, ಮೀನು ಯಾವಾಗ ನೋಡಿದರೂ ಹಾಗೇ ಬರುತ್ತೆ. ದೊಡ್ಡ ಮೀನು ಒಂದು ವಾರ ಏನೂ ತಿನ್ನದೆ ಆರಾಮಾಗಿ ಇರುತ್ತೆ. ಹೋಗೋ ಹಿಂದಿನ ದಿನ ಕಾಲು ಭಾಗ ನೀರು ಬದಲಿಸಿ, ಪಂಪ್ ಇನ್ವರ್ಟರ್ ಲೈನಿನಲ್ಲಿದೆಯಾ ನೋಡಿ, ಲೈಟ್ ಆರಿಸಿ. ಕಾಳಿನ ಡಬ್ಬಿಯನ್ನು ಮಾತ್ರ ಕಪಾಟಿನಲ್ಲಿಟ್ಟು ಬೀಗ ಹಾಕಿ.